ಗಾಳದವರ ಹಕ್ಕು, ಗಾಳದವರ ಹೊಣೆ

(ಗುಬ್ಬಿಯಲ್ಲಿ ಮೀನುಗಾರರೂ ಅಚ್ಚುಕಟ್ಟಿನ ರೈತರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತು)



ಕೆರೆಯ ಮೀನು ಯಾರದು ಎಂಬ ಪ್ರಶ್ನೆಯನ್ನು ಸಭೆ ಕರೆದವರು ನಮ್ಮ ಮುಂದಿಟ್ಟಿದ್ದಾರೆ. ಇದಕ್ಕೆ ಸಲೀಸಾದ ಉತ್ತರವೊಂದುಂಟು: ಬಲೆ ಹಾಕಿ ಬದುಕುವವರದು. ಅಷ್ಟು ಹೇಳಿ ಕುಳಿತುಬಿಟ್ಟರೆ ಚಪ್ಪಾಳೆಯೂ ಸಿಕ್ಕೀತು. ಆದರೆ ಏರಿಯ ಮೇಲೆ ಇನ್ನೊಬ್ಬ ಕೂತಿದ್ದಾನೆ. ಕೈಯಲ್ಲಿ ಬಿದಿರಿನ ಕೋಲು, ಅದಕ್ಕೊಂದು ನೈಲಾನ್ ದಾರ, ಪಕ್ಕದಲ್ಲಿ ತೆಂಗಿನ ಚಿಪ್ಪಿನೊಳಗೆ ಎರೆಹುಳು. ಅವನು ಬೆಸ್ತನಲ್ಲ. ಗುಬ್ಬಿಯ ದರ್ಜಿಯೋ, ತುಮಕೂರಿನ ಗ್ಯಾರೇಜಿನ ಹುಡುಗನೋ, ಕುಣಿಗಲ್ಲಿನ ಅಂಗಡಿಯ ಗುಮಾಸ್ತನೋ ಇರಬಹುದು. ಭಾನುವಾರ ಅರ್ಧ ದಿನ ನೀರಿನ ಮುಂದೆ ಕೂತರೆ ವಾರದ ಭಾರ ಇಳಿಯುತ್ತದೆಂದು ಬಂದವನು. ಸಿಕ್ಕರೆ ಸಾರಿಗಾಯಿತು, ಸಿಗದಿದ್ದರೆ ಗಾಳಿ ಕುಡಿದು ಹೋದ. ಇವನನ್ನು ಏನೆಂದು ಕರೆಯಬೇಕು? ಗುತ್ತಿಗೆದಾರರು ಕಳ್ಳನೆನ್ನುತ್ತಾರೆ. ಇಲಾಖೆಯ ಲೆಕ್ಕದಲ್ಲಿ ಅವನು ಇಲ್ಲವೇ ಇಲ್ಲ. ನಾವು ಇವತ್ತು ಅವನ ವಿಷಯವನ್ನೇ ಮಾತಾಡಬೇಕೆಂದು ಬಂದಿದ್ದೇವೆ.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ, ಅವರಲ್ಲಿ ನಾವೂ ಒಬ್ಬರು. ಮೇಷ್ಟರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿದ ಮೇಲೆ ಗಾಳಕ್ಕೆ ಬಿಡುವು ಕಡಿಮೆಯಾಯಿತು, ಚಟ ಹೋಗಿಲ್ಲ.

ಮೇಷ್ಟರಾಗಿದ್ದ ಕಾಲದ ಒಂದು ಸಂಗತಿ ಹೇಳುತ್ತೇವೆ. ಯಾವ ಊರು, ಯಾವ ಕೆರೆ ಎಂಬುದು ಬೇಡ. ಏಳನೆಯ ತರಗತಿಯ ಹುಡುಗನೊಬ್ಬ ಸೋಮವಾರ ಶಾಲೆಗೆ ಬರಲಿಲ್ಲ. ಮಂಗಳವಾರ ಬಂದಾಗ ಬೆನ್ನಿನ ಮೇಲೆ ಬಾಸುಂಡೆ. ಕೆರೆ ಗುತ್ತಿಗೆ ಹಿಡಿದವರ ಕಾವಲುಗಾರ ಹೊಡೆದದ್ದು. ಹುಡುಗನ ಅಪರಾಧವೆಂದರೆ ಗಾಳ ಹಾಕಿ ಮೂರು ಜಿಲೇಬಿ ಮೀನು ಹಿಡಿದದ್ದು. ನಾವು ಸಿಟ್ಟಿನಲ್ಲಿ ಏರಿಯ ಮೇಲೆ ಹೋಗಿ ಆ ಕಾವಲುಗಾರನನ್ನು ಕೇಳಿದೆವು. ಅವನೂ ಬಡವನೇ, ಬೆಸ್ತರ ಮನೆಯ ಮಗನೇ, ತಿಂಗಳ ಕೂಲಿಗೆ ನಿಂತವನು. "ಸಾರ್, ಇವತ್ತು ಗಾಳ ಅಂತಾರೆ, ನಾಳೆ ಬಲೆ ತರ್ತಾರೆ, ನಾಡಿದ್ದು ಔಷಧ ಹಾಕ್ತಾರೆ. ನಾನು ಯಾರನ್ನ ಬಿಡ್ಲಿ, ಯಾರನ್ನ ಹಿಡೀಲಿ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕೆರೆಯ ಅಂಚಿನುದ್ದಕ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಗುತ್ತಿಗೆದಾರನಿಗೆ ನಷ್ಟ, ಬಲೆ ಎಳೆಯುವವರಿಗೆ ಕೂಲಿ ಹೋಯಿತು, ಊರಿಗೆ ನಾತ. ಯಾರು ಮಾಡಿದ್ದು, ಏನು ಹಾಕಿದ್ದು, ಯಾರಿಗೂ ಗೊತ್ತಾಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಆ ಹುಡುಗ ನಮ್ಮ ಹತ್ತಿರ ಮೆಲ್ಲಗೆ ಬಂದು, ಮೀನು ಸಾಯುವ ಹಿಂದಿನ ರಾತ್ರಿ ಕೆರೆಯ ಬಾಯಲ್ಲಿ, ಹಳ್ಳ ಬಂದು ಸೇರುವ ಕಡೆ, ಒಂದು ಟ್ಯಾಂಕರು ನಿಂತಿದ್ದನ್ನು ಕಂಡೆ ಎಂದ. "ಆವಾಗಲೇ ಯಾಕೋ ಹೇಳಲಿಲ್ಲ?" ಎಂದೆವು. "ನಾನು ಅಲ್ಲಿದ್ದೆ ಅಂತ ಗೊತ್ತಾದ್ರೆ ಮತ್ತೆ ಹೊಡೀತಾರಲ್ಲ ಸಾರ್" ಎಂದ.

ಒದೆ ತಿಂದ ಮೇಲೂ ಅವನು ಕದ್ದು ಗಾಳ ಹಾಕುತ್ತಿದ್ದನೆಂಬುದು ನಮಗೆ ಗೊತ್ತಾದದ್ದು ಆಗಲೇ. ಕೆರೆಗೆ ಎರಡು ಕಣ್ಣು ಇದ್ದುವು. ಆ ಕಣ್ಣು ಕಂಡದ್ದನ್ನು ಹೇಳದಂತೆ ನಾವೇ ಮಾಡಿದ್ದೆವು.

ಈಗ ಇಲ್ಲಿಂದ ನೀರಿನ ಜೊತೆ ಸ್ವಲ್ಪ ಕೆಳಕ್ಕೆ ಹೋಗೋಣ. ನಮ್ಮ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ, ಇದೇ ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ಬಂದು, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಕಟ್ಟೆಗೆ ನಿಂತು, ಮಂಡ್ಯದ ಸೀಮೆ ಹಾದು ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆ. ನಾವು ಇಲ್ಲಿ ಕೆರೆಯಲ್ಲಿ ಕೈ ತೊಳೆದ ನೀರು ಅಲ್ಲಿಗೆ ಹೋಗುತ್ತದೆಂದು ತಿಳಿಯಿರಿ. ಅಲ್ಲಿಯ ಮಡುಗಳಲ್ಲಿ ಒಂದು ದೊಡ್ಡ ಮೀನು ಇತ್ತು. ನದಿಯವರು ಬಿಳಿಮೀನು ಎನ್ನುತ್ತಾರೆ, ಇಂಗ್ಲಿಷಿನವರು ಮಹಸೀರ್ ಎಂದರು. ಅದರಲ್ಲಿ ಬೆನ್ನು ಗೂನಾಗಿರುವ ಜಾತಿ ಆಳೆತ್ತರ ಬೆಳೆಯುವಂಥದು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡು, ಎಂದರೆ 54 ಕಿಲೋ.

ಗಾಳ ಆ ಕಾಲದಲ್ಲಿ ದೊರೆಗಳ ಆಟ. 1873ರಲ್ಲಿ ಮಂಗಳೂರಿನಲ್ಲಿ ಇಂಡಿಯಾದ ಗಾಳಗಾರಿಕೆಯ ಮೇಲೆ ದಪ್ಪ ಪುಸ್ತಕವೊಂದು ಅಚ್ಚಾಯಿತು. ಬರೆದವರು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್. ಆ ಮನುಷ್ಯನಿಗೆ ಮೀನಿನ ಮೇಲೆ ನಿಜವಾದ ಕಾಳಜಿಯಿತ್ತು, ಸುಳ್ಳು ಹೇಳಬಾರದು. ವಿಷ ಹಾಕುವುದು, ಮರಿಗಳನ್ನು ಬಾಚುವುದು ನಿಲ್ಲಬೇಕೆಂದು ಬರೆದರು. 1897ರಲ್ಲಿ ಬಂದ ಇಂಡಿಯಾದ ಮೀನುಗಾರಿಕೆ ಕಾನೂನು ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿತು. 1901ರಲ್ಲಿ ಮೈಸೂರು ಸಂಸ್ಥಾನವೂ ಬೇಟೆಪ್ರಾಣಿಗಳಿಗೂ ಮೀನಿಗೂ ಸೇರಿಸಿ ಒಂದು ರೆಗ್ಯುಲೇಷನ್ ಮಾಡಿತು. ಕಾನೂನೆಲ್ಲ ಸರಿಯೇ. ಅದನ್ನು ಮಾಡುವಾಗ ನದಿಯ ದಡದ ಬೆಸ್ತನನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಸ್ವರಾಜ್ಯ ಬಂದ ಮೇಲೂ ಕಾವೇರಿಯಲ್ಲಿ ಗಾಳ ನಿಲ್ಲಲಿಲ್ಲ. 1972ರಲ್ಲಿ ಬೆಂಗಳೂರಿನಲ್ಲಿ ಹವ್ಯಾಸಿ ಗಾಳಗಾರರೂ ಕಾಡಿನ ಅಭಿಮಾನಿಗಳೂ ಸೇರಿ ದಕ್ಷಿಣ ಭಾರತ ವನ್ಯಜೀವಿ ಸಂಘವೊಂದನ್ನು ಕಟ್ಟಿದರು. ನದಿಯ ಒಂದು ಭಾಗದ ಮೀನಿನ ಹಕ್ಕನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದರು. ಆಮೇಲೆ ಸರ್ಕಾರದ ಜಂಗಲ್ ಲಾಡ್ಜಸ್ ಕಂಪನಿಯವರೂ ಭೀಮೇಶ್ವರಿಯಲ್ಲಿ ಗಾಳದ ಬಿಡಾರ ಹಾಕಿದರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೆ ಬಿಡಬೇಕೆಂಬುದು ಅಲ್ಲಿಯ ನಿಯಮ. ದೇಶವಿದೇಶದ ಹಣವಂತರು ಬಂದರು. ಅವರಿಗೆ ಮಡು ತೋರಿಸಲು, ದಡ ಕಾಯಲು, ಹರಿಗೋಲು ನಡೆಸಲು ಅಲ್ಲಿಯ ಹಳ್ಳಿಗಳ ಜನರನ್ನೇ ಇಟ್ಟುಕೊಂಡರು. ಅವರಲ್ಲಿ ಕೆಲವರು ಹಿಂದೆ ಸಿಡಿಮದ್ದು ಎಸೆದು ಮೀನು ಎತ್ತುತ್ತಿದ್ದವರೇ. ಮದ್ದು ಎಸೆಯುತ್ತಿದ್ದ ಕೈಗೆ ಸಂಬಳ ಬಂತು, ಮದ್ದಿನ ಸದ್ದು ಕಡಿಮೆಯಾಯಿತು. ಇದು ಒಳ್ಳೆಯ ಕೆಲಸವಲ್ಲವೆಂದು ಯಾರು ಹೇಳಿಯಾರು?

ಇನ್ನೂ ಒಂದು ಕೆಲಸ ಆಯಿತು, ಅದು ಅವರಿಗೇ ಗೊತ್ತಿಲ್ಲದೆ ಆದದ್ದು. ದಿನವೂ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂದು ಬಿಡಾರದ ಪುಸ್ತಕದಲ್ಲಿ ಬರೆಯುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ತೆಗೆದು ಕೂತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಮೇಲುನೋಟಕ್ಕೆ ಸಂತೋಷದ ಸುದ್ದಿ: ನದಿಯಲ್ಲಿ ಮಹಸೀರ್ ಹೆಚ್ಚಿತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಸೀರ್, ಕಾವೇರಿಯ ಮೂಲದ್ದಲ್ಲ. ಲೋಣಾವಳದ ಟಾಟಾ ಕಂಪನಿಯ ಕೇಂದ್ರದಲ್ಲಿ ಮರಿ ಮಾಡಿ ತಂದು ಬಿಟ್ಟ ಜಾತಿಯದು. ಕಾವೇರಿಯ ಸ್ವಂತ ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗಿತ್ತು. ಗಾಳಕ್ಕೆ ಬಿದ್ದವು ಮುದಿ ಮೀನುಗಳು, ತೂಕದವು. ಮರಿಗಳೇ ಕಾಣಿಸುತ್ತಿರಲಿಲ್ಲ. ಮನೆಯಲ್ಲಿ ಅಜ್ಜಂದಿರು ಮಾತ್ರ ಉಳಿದು ತೊಟ್ಟಿಲು ತೂಗದ ಮನೆಯಂತೆ.

ಇದಕ್ಕಿಂತ ವಿಚಿತ್ರ ಕೇಳಿ. ನೂರೈವತ್ತು ವರ್ಷ ದೊರೆಗಳು ಹಿಡಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಆ ಮೀನಿಗೆ ಶಾಸ್ತ್ರದ ಪುಸ್ತಕದಲ್ಲಿ ಸರಿಯಾದ ಹೆಸರೇ ಇರಲಿಲ್ಲ. ಅದು ಕೇರಳದ ಪಾಂಬಾರ್ ಹೊಳೆಯಲ್ಲಿ ಕಂಡು 2007ರಲ್ಲಿ ಟಾರ್ ರೇಮಾದೇವಿ ಎಂದು ಹೆಸರಿಟ್ಟ ಜಾತಿಯೇ ಎಂದು 2018ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ಅದು ತೀರ ಅಳಿವಿನ ಅಂಚಿನಲ್ಲಿದೆಯೆಂದು ಜಾಗತಿಕ ಪಟ್ಟಿಯಲ್ಲಿ ಸೇರಿತು. ನಾಮಕರಣವೂ ಮರಣದ ನೋಟೀಸೂ ಒಟ್ಟಿಗೇ ಬಂದ ಹಾಗೆ.

ಅಷ್ಟರಲ್ಲಿ ಗಾಳದ ಬಿಡಾರಗಳು ಮುಚ್ಚಿದ್ದುವು. 1972ರ ವನ್ಯಜೀವಿ ಕಾನೂನಿಗೆ 2002ರಲ್ಲಿ ತಿದ್ದುಪಡಿಯಾದಾಗ 'ಪ್ರಾಣಿ' ಎಂಬ ಮಾತಿನೊಳಗೆ ಮೀನೂ ಸೇರಿತು. ನದಿಯ ಆ ಭಾಗ 1987ರಿಂದ ಕಾವೇರಿ ವನ್ಯಧಾಮ. ವನ್ಯಧಾಮದಲ್ಲಿ ಪ್ರಾಣಿಯನ್ನು ಹಿಡಿಯುವುದು ಬೇಟೆ, ಹಿಡಿದು ಬಿಟ್ಟರೂ ಬೇಟೆಯೇ ಎಂಬ ಅರ್ಥ ಬಂದು, 2012ರ ಹೊತ್ತಿಗೆ ಗಾಳ ನಿಂತಿತು. ಕಾವಲು ಹೋದ ಮೇಲೆ ಸಿಡಿಮದ್ದು ಮರಳಿ ಬಂತೆಂಬುದು ಗಾಳಗಾರರ ದೂರು. ಇರಬಹುದು. ನಮ್ಮ ಪ್ರಶ್ನೆ ಬೇರೆ. ಇಷ್ಟು ವರ್ಷ ದಡ ಕಾದ ಹಳ್ಳಿಯವರು ಆ ಏರ್ಪಾಟಿನಲ್ಲಿ ಏನಾಗಿದ್ದರು? ಆಳುಗಳಾಗಿದ್ದರು. ಗುತ್ತಿಗೆ ಸಂಘದ್ದು, ನಿಯಮ ಸಂಘದ್ದು, ಪುಸ್ತಕ ಸಂಘದ್ದು. ದಣಿ ಹೋದ ದಿನ ಕಾವಲೂ ಹೋಯಿತು. ನದಿಯ ಮೇಲೆ ಹಳ್ಳಿಯವರಿಗೇ ಒಂದು ಹಕ್ಕು, ಒಂದು ಮಾತು ಇದ್ದಿದ್ದರೆ ಅವರು ಬಿಡಾರ ಮುಚ್ಚಿದ ಮಾರನೆಯ ದಿನವೂ ಕಾಯುತ್ತಿರಲಿಲ್ಲವೆ? 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದ ಮೇಲೆ ನಮ್ಮವರು ಉಳುವವನಿಗೆ ಹೊಲವೆಂದು ಊರೂರಲ್ಲಿ ಕೂಗಿದರು, ಅರ್ಧವಾದರೂ ಪಡೆದರು. ನೀರಿನ ವಿಷಯದಲ್ಲಿ ನಾವು ಕೂಗಿದ್ದೇ ಕಡಿಮೆ.

ಕಡಲಿನ ಕಡೆಗೂ ಒಂದು ನೋಟ ಬೇಕು, ಏಕೆಂದರೆ ಈ ಜಗಳ ಅಲ್ಲಿ ದೊಡ್ಡದು. ನಮ್ಮ ಕರಾವಳಿಗೆ 1986ರ ಸಾಗರ ಮೀನುಗಾರಿಕೆ ಕಾನೂನು ಇದೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಇಳಿಯುವ ಹಾಗಿಲ್ಲ. ಬಂದರಿಗೆ ಬಂದ ಬುಟ್ಟಿಗೆ ಲೆಕ್ಕವುಂಟು. ಅಳಿವೆಯ ಬಾಯಲ್ಲಿ, ಬಂಡೆಯ ಮೇಲೆ ಗಾಳ ಹಿಡಿದು ಕೂತವನಿಗೆ ಲೆಕ್ಕವಿಲ್ಲ. ಅಮೆರಿಕದಲ್ಲಿ ಹಾಗಲ್ಲ. 1976ರ ಕಾನೂನಿನಿಂದ ಅಲ್ಲಿ ಕಡಲನ್ನು ಎಂಟು ಮಂಡಲಿಗಳಿಗೆ ಹಂಚಿ, ಬಲೆಯವರನ್ನೂ ಗಾಳದವರನ್ನೂ ಒಂದೇ ಮೇಜಿಗೆ ಕೂರಿಸಿದ್ದಾರೆ. ಅವರ ಪೂರ್ವ ಕರಾವಳಿಯಲ್ಲಿ ಪಟ್ಟೆಪಟ್ಟೆಯ ಬಾಸ್ ಎಂಬ ಮೀನೊಂದುಂಟು. 1980ರ ಸುಮಾರಿಗೆ ಅದು ಮುಗಿದೇಹೋಗುವ ಹಾಗಾಯಿತು. 1984ರಲ್ಲಿ ಕಾನೂನು ಬಂತು. 1985ರಿಂದ 1990ರವರೆಗೆ ಮೇರಿಲೆಂಡಿನಲ್ಲಿ ಬಲೆಯವರೂ ಗಾಳದವರೂ ಇಬ್ಬರೂ ಕೈ ಕಟ್ಟಿ ಕೂತರು. ಮೀನು ಮರಳಿತು, 1995ರಲ್ಲಿ ಚೇತರಿಸಿಕೊಂಡಿತೆಂದು ಸಾರಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಗಾಳದವರಾದ ನಾವು ಎದೆ ಉಬ್ಬಿಸಿಕೊಂಡು ಹೋಗಬಹುದಿತ್ತು. ಮುಗಿಯಲಿಲ್ಲ. ಅದೇ ಮೀನು ಮತ್ತೆ ಮಿತಿಮೀರಿ ಕರಗಿದೆಯೆಂದು 2019ರಲ್ಲಿ ಲೆಕ್ಕ ಬಂತು. ಈ ಸಾರಿ ದೊಡ್ಡ ಪಾಲು ಗಾಳದವರದೇ. ಹಿಡಿದು ಬಿಟ್ಟ ಮೀನುಗಳಲ್ಲಿ ನೂರಕ್ಕೆ 9 ಸಾಯುತ್ತವೆಂದು ಅಲ್ಲಿಯ ವಿಜ್ಞಾನಿಗಳ ಎಣಿಕೆ. ಒಬ್ಬನ ನೂರರಲ್ಲಿ ಒಂಬತ್ತು ಏನೂ ಅಲ್ಲ. ಲಕ್ಷಾಂತರ ಜನ ಕೋಲು ಹಿಡಿದು ನಿಂತಾಗ ಆ ಒಂಬತ್ತೇ ಬಲೆಯವರ ರಾಶಿಯನ್ನು ಮೀರಿಸುತ್ತದೆ. ನಾನೊಬ್ಬ ಒಂದು ಮೀನು ಹಿಡಿದರೆ ಏನಾದೀತು ಎನ್ನುವವನು ಪಕ್ಕದಲ್ಲಿ ಹಾಗೆಯೇ ಅನ್ನುವ ಇನ್ನೆಷ್ಟು ಜನರಿದ್ದಾರೆಂದು ತಿರುಗಿ ನೋಡುವುದಿಲ್ಲ. ನಾವೂ ನೋಡಿರಲಿಲ್ಲ.

ಈಗ ನಮ್ಮ ಕೆರೆಗೆ ಬರೋಣ. ದೊಡ್ಡ ಕೆರೆಗಳ ಮೀನಿನ ಹಕ್ಕು ಇಲಾಖೆಯ ಕೈಯಲ್ಲಿ, ಸಣ್ಣವು ಪಂಚಾಯಿತಿಯ ಕೈಯಲ್ಲಿ. ಎರಡೂ ಕಡೆ ಗುತ್ತಿಗೆ. ಗುತ್ತಿಗೆ ಮೀನುಗಾರರ ಸಹಕಾರ ಸಂಘಕ್ಕೆ ಹೋದರೆ ನಮಗೆ ಸಂತೋಷ. ಹಣವಿದ್ದ ಒಬ್ಬನಿಗೆ ಹೋದರೆ, ಸಂಘದ ಹೆಸರಿನ ಹಿಂದೆ ಅವನೇ ನಿಂತರೆ, ಅದು ಬೇರೆ ಹೋರಾಟ. ಇನ್ನೊಂದು ದಿನ ಮಾತಾಡೋಣ. ನದಿಗೂ ಕೆರೆಗೂ ಒಂದು ವ್ಯತ್ಯಾಸವಿದೆ, ಅದನ್ನು ಗಾಳದವರು ಮರೆಯಬಾರದು. ನದಿಯ ಬಿಳಿಮೀನನ್ನು ಯಾರೂ ಬಿತ್ತಲಿಲ್ಲ. ಕೆರೆಯ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಸಂಘದವರು ದುಡ್ಡು ಕೊಟ್ಟು ತಂದು ಬಿಟ್ಟಿರುತ್ತಾರೆ. ಗಂಗೆಯ ಬಯಲಿನ ಈ ಮೀನುಗಳಿಗೆ 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದ್ದರಿಂದಲೇ ಇವತ್ತು ಗುಬ್ಬಿಯ ಕೆರೆಗೂ ಮರಿ ಸಿಗುತ್ತಿದೆ. ಸಾಲ ಮಾಡಿ ಮರಿ ಬಿಟ್ಟ ಬೆಸ್ತ, ಏರಿಯ ಮೇಲೆ ಕೂತು ನಾಲ್ಕು ಕಿಲೋ ಕಾಟ್ಲಾ ಎತ್ತುವ ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡರೆ ತಪ್ಪೇನು? ಅದು ಹವ್ಯಾಸವಲ್ಲ, ಇನ್ನೊಬ್ಬನ ಹೊಲದ ಜೋಳ ಮುರಿದ ಹಾಗೆ.

ಹಾಗೆಂದು ಕೆರೆಯ ಎಲ್ಲ ಮೀನೂ ಬಿತ್ತಿದ ಮೀನಲ್ಲ. ಹೊಸ ನೀರಿಗೆ ಹಳ್ಳ ಹತ್ತುವ ಗೆಂಡೆ, ಕೆಸರಿನ ಕೊರವ, 1952ರಲ್ಲಿ ದೇಶಕ್ಕೆ ಬಂದು ಈಗ ಎಲ್ಲ ಕೆರೆಯ ಒಡೆಯನಾಗಿರುವ ಜಿಲೇಬಿ, ಇವನ್ನು ಯಾರು ಬಿತ್ತಿದರು? ಎರಡು ಜಿಲೇಬಿ ಹಿಡಿದ ಹುಡುಗನಿಗೂ ರಾತ್ರಿ ಬಲೆ ಬೀಸಿದ ಕಳ್ಳನಿಗೂ ಒಂದೇ ಒದೆಯೆಂದರೆ ನ್ಯಾಯವಲ್ಲ.

ಆದುದರಿಂದ ನಾವು ಕೇಳುವುದು ಇಷ್ಟು. ಕೆರೆಯ ಯಜಮಾನಿಕೆ ಬಲೆಯವರ ಸಂಘದ್ದೇ ಇರಲಿ, ಅದರಲ್ಲಿ ರಾಜಿ ಬೇಡ. ಕಾವೇರಿಯಲ್ಲಿ ಗಾಳದವರು ಗುತ್ತಿಗೆ ಹಿಡಿದು ಹಳ್ಳಿಯವರು ಆಳಾದರು, ಇಲ್ಲಿ ತಿರುಗುಮುರುಗಾಗಲಿ. ಗಾಳದ ಚೀಟಿಯನ್ನು ಸಂಘವೇ ಕೊಡಲಿ, ಹಣ ಸಂಘದ ಪೆಟ್ಟಿಗೆಗೆ ಬೀಳಲಿ. ದಿನದ ಚೀಟಿಗೆ ಒಂದು ಕೋಲು, ಒಂದು ಗಾಳ, ದೊಡ್ಡ ಕಾಟ್ಲಾ ಬಿದ್ದರೆ ಸಂಘದ ದರಕ್ಕೆ ಹಣ ಕೊಟ್ಟು ಒಯ್ಯಬೇಕು. ಮಕ್ಕಳಿಗೂ, ಸಾರಿಗೆ ನಾಲ್ಕು ಮೀನು ಹಿಡಿಯುವ ಬಡ ಹೆಂಗಸರಿಗೂ ಚೀಟಿ ಬೇಡ. ಮೊದಲ ಮಳೆಗೆ ಮೀನು ಹಳ್ಳ ಹತ್ತುವ ದಿನಗಳಲ್ಲಿ ಕೆರೆಯ ಬಾಯಲ್ಲಿ ಯಾರೂ ಗಾಳವನ್ನಾಗಲಿ ಕೂಳಿಯನ್ನಾಗಲಿ ಇಡಕೂಡದು. ಆ ದಿನ ಕೂಳಿ ತುಂಬಿಸಿದವನು ಮುಂದಿನ ವರ್ಷದ ಮೀನನ್ನೆಲ್ಲ ಒಂದು ರಾತ್ರಿಗೆ ತಿಂದ ಹಾಗೆ. ಇದನ್ನು ನಮ್ಮ ಅಜ್ಜಂದಿರೂ ಬಲ್ಲರು, ಆದರೂ ಇಡುತ್ತಿದ್ದರು.

ಇದಕ್ಕೆ ಬದಲಾಗಿ ಗಾಳದವನು ಬರೆಯಬೇಕು. ತೂಬಿನ ಹತ್ತಿರ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು. ಎಷ್ಟು ಹೊತ್ತು ಕೂತೆ, ಏನು ಬಿತ್ತು, ಎಷ್ಟುದ್ದ, ನೀರಿನ ಬಣ್ಣ ಹೇಗಿತ್ತು. ಏನೂ ಬೀಳದಿದ್ದರೆ ಅದನ್ನೂ ಬರೆಯಬೇಕು, ಏಕೆಂದರೆ ಬರಿಗೈಯ ದಿನಗಳೇ ಹೆಚ್ಚು ಹೇಳುತ್ತವೆ. ಸರ್ಕಾರ ಸಾಕಬಾರದೆಂದು ನಿಷೇಧಿಸಿರುವ ಆಫ್ರಿಕದ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಮರಳಿ ಬಿಡದೆ ಸಂಘಕ್ಕೆ ತೋರಿಸಬೇಕು. ಹಳ್ಳದ ಬಾಯಲ್ಲಿ ಟ್ಯಾಂಕರು ಕಂಡರೆ, ನೊರೆ ಕಂಡರೆ, ಮೀನು ಬಾಯಿ ಬಿಡುತ್ತ ಮೇಲೆ ಬಂದರೆ ಅವತ್ತೇ ಹೇಳಬೇಕು. ತುಮಕೂರಿನಂಥ ಊರಿನಲ್ಲಿ ಅಮಾನಿಕೆರೆಯ ದಡದಲ್ಲಿ ನಡೆದಾಡಲು ದಾರಿ ಮಾಡಿದ್ದಾರೆ, ಸಂತೋಷ. ನಡೆದಾಡುವವನು ನೀರನ್ನು ನೋಡುತ್ತಾನೆ. ಗಾಳ ಹಾಕಿದವನು ನೀರಿನೊಳಗನ್ನು ನೋಡುತ್ತಾನೆ.

ಸಂಘದ ಹಿರಿಯರೊಬ್ಬರು ಆಗಲೇ ನಮ್ಮ ಕಿವಿಯಲ್ಲಿ ಕೇಳಿದರು: "ಮೇಷ್ಟ್ರೇ, ಚೀಟಿ ಅಂತ ಬಾಗಿಲು ತೆಗೆದ್ರೆ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಕೂತ್ಕೋತಾರೆ. ಅವರಿಗೆ ಹೇಳೋರು ಯಾರು?" ಒಳ್ಳೆಯ ಪ್ರಶ್ನೆ. ಹೇಳುವವರು ನೀವೇ, ಏಕೆಂದರೆ ಚೀಟಿ ನಿಮ್ಮ ಕೈಯಲ್ಲಿದೆ. ಭಾನುವಾರಕ್ಕೆ ಇಪ್ಪತ್ತೇ ಚೀಟಿ ಎನ್ನಿ, ಊರಿನವರಿಗೆ ಮೊದಲು ಎನ್ನಿ, ಬರದ ವರ್ಷ ಒಂದೂ ಇಲ್ಲವೆನ್ನಿ. ಇಲ್ಲವೆನ್ನುವ ಅಧಿಕಾರ ಕೈಯಲ್ಲಿದ್ದವನಿಗೆ ಹೌದೆನ್ನಲು ಭಯವಿರುವುದಿಲ್ಲ. ಇನ್ನೊಬ್ಬರ ಅನುಮಾನ ಇದಕ್ಕಿಂತ ಕಷ್ಟದ್ದು: ಗಾಳದವರು ನಿಜ ಬರೆಯುತ್ತಾರೆಯೆ? ಬರೆಯಲಾರರು, ಮೊದಮೊದಲು. ಗಾಳಗಾರನ ಮಾತಿನಲ್ಲಿ ಮೀನು ಎಷ್ಟು ಬೆಳೆಯುತ್ತದೆಂದು ನಮಗೇ ಗೊತ್ತು. ಅದಕ್ಕೇ ಪುಸ್ತಕದ ಜೊತೆಗೆ ಒಂದು ಗೀಟುಕಡ್ಡಿಯನ್ನೂ ಕಟ್ಟಿಹಾಕೋಣ.

ಕಾನೂನು ಇದಕ್ಕೆ ಅಡ್ಡ ಬರುತ್ತದೆಯೆ? ಗುತ್ತಿಗೆಯ ಕರಾರಿನಲ್ಲಿ ಸಂಘಕ್ಕೆ ಚೀಟಿ ಕೊಡಲು ಅವಕಾಶವಿದೆಯೆಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಈ ಕುರಿತು ಮೀನುಗಾರಿಕೆ ಇಲಾಖೆಗೆ ಕೊಡುವ ಅರ್ಜಿ ತಯಾರಾಗಿದೆ, ಮೇಜಿನ ಮೇಲಿದೆ. ಮೊದಲು ಸಂಘದವರು ರುಜು ಹಾಕಬೇಕು, ಆಮೇಲೆ ಅಚ್ಚುಕಟ್ಟಿನ ರೈತರು, ಕೊನೆಗೆ ಗಾಳದವರು. ಈ ವರಸೆಯನ್ನು ನಾವು ಯೋಚಿಸಿಯೇ ಇಟ್ಟಿದ್ದೇವೆ.

ಆ ಹುಡುಗ ಏನಾದನೆಂದು ಹಿಂದಿನ ಸಾಲಿನ ತಾಯಿಯೊಬ್ಬರು ಕೇಳುತ್ತಿದ್ದಾರೆ. ಬೆಳೆದಿದ್ದಾನೆ ತಾಯಿ, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಹಬ್ಬಕ್ಕೆ ಬಂದಾಗ ನಮ್ಮ ಜೊತೆ ಕೆರೆಗೆ ಬರುತ್ತಾನೆ. ಏರಿಯ ಮೇಲೆ ಯಾರಾದರೂ ನಡೆದು ಬರುವ ಸದ್ದಾದರೆ ಈಗಲೂ ಗಾಳ ಎಳೆದುಕೊಂಡು ಪೊದೆಯೊಳಗೆ ಹಾಕುತ್ತಾನೆ. ಈ ಅರ್ಜಿಗೆ ಅವನ ರುಜುವನ್ನೂ ತರಿಸಿಕೊಳ್ಳುತ್ತೇವೆ.